ಜೆದ್ದಾದ ಮುಳುಗುಗಾರ

ಕುಬರಾ ಆ ಫಲಕವನ್ನು ಮೊದಲು ಮನಸ್ಸಿನಲ್ಲೇ ಓದಿದಳು. ಆಮೇಲೆ ತನ್ನ ಕಣ್ಣನ್ನೇ ನಂಬಲಾರದೆ ಬಾಯಿಬಿಟ್ಟು ಓದಿದಳು. "ಸಮುದ್ರದ ಮುಳುಗುಗಾರ. ಮುಂಬಯಿಯಲ್ಲಿ ಕೊಂಡದ್ದು. ಕೀಲು ದುರಸ್ತಿ ಮತ್ತು ಜೋಡಣೆ: ಹೈದರಾಬಾದಿನ ತಜ್ಞರು."

ಬೀದರಿನ ಸಭಾಂಗಣದಲ್ಲಿ ಭಾಲ್ಕಿಯ ಬಟ್ಟೆ ವ್ಯಾಪಾರಿ ಶಿವರಾಜಪ್ಪನವರ ಹಳೆಯ ಗೊಂಬೆಗಳ ಪ್ರದರ್ಶನ ನಡೆದಿತ್ತು. ಅಪ್ಪಿಕೊಂಡು ಮಲಗುವ ಗೊಂಬೆಗಳಲ್ಲ ಇವು. ಭುಜ, ಸೊಂಟ, ಮೊಣಕೈ, ಮೊಣಕಾಲು, ಎಲ್ಲದಕ್ಕೂ ಕೀಲು ಇದ್ದು ಬೇಕಾದ ಹಾಗೆ ತಿರುಗಿಸಿ ನಿಲ್ಲಿಸಬಹುದಾದ ಸಿಪಾಯಿಗಳು, ಗಗನಯಾತ್ರಿಗಳು, ಬೆಂಕಿ ಆರಿಸುವವರು. ಅರಬಸ್ತಾನಕ್ಕೆ ದುಡಿಯಲು ಹೋದ ಗಂಡಸರು ನಲವತ್ತು ವರ್ಷದ ಹಿಂದೆ ಮಕ್ಕಳಿಗೆಂದು ಸೂಟಕೇಸಿನಲ್ಲಿ ತಂದ ಮಾಲು. ಅವುಗಳ ನಟ್ಟನಡುವೆ ಹಿತ್ತಾಳೆಯ ಹೆಲ್ಮೆಟ್ ಹಾಕಿಕೊಂಡು, ಕೈಯಲ್ಲಿ ಈಟಿ ಹಿಡಿದು, ಮುಳುಗುಗಾರ ನಿಂತಿದ್ದ.

"ಇದು ನಿಮ್ಮ ಅಬ್ಬಾ ಜೆದ್ದಾದಿಂದ ತಂದಿದ್ದಲ್ಲೇನ್ರಿ?" ಕುಬರಾ ಗಂಡ ಯುನುಸನ ಕಡೆ ತಿರುಗಿದಳು. "ಇವಕ್ಕೆಲ್ಲಾ ಕೀಲ ಕೂಡಿಸಿದ್ದು ನೀವಲ್ಲೇನ್ರಿ? ಮತ್ತ ಹೈದರಾಬಾದ ಅಂತ ಯಾಕ ಬರದಾರ?"

ಸುತ್ತಲಿದ್ದವರು ತಿರುಗಿ ನೋಡಿದರು. ಗಂಡನ ಕೆಲಸ ನೋಡಲೆಂದು ಕುಬರಾ ಈದಿನ ಬಟ್ಟೆ ಹಾಕಿಕೊಂಡು ಬಂದಿದ್ದಳು. ನೆರೆಮನೆಯವರಿಗೂ ಹೇಳಿ ಬಂದಿದ್ದಳು. ಯುನುಸನ ಕಿವಿ ಕಾದುಹೋಯಿತು. "ನಡಿ ಮನಿಗಿ" ಎಂದಷ್ಟೇ ಹೇಳಿ ಹೊರಟ.  ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಇಲ್ಲಿ ಹೋದದ್ದು ಅಂಗೈಯಗಲದ ಒಂದು ರಟ್ಟಿಗೆ.

ಯುನುಸ ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಪ್ಲಾಸ್ಟಿಕ್ ಕಾರಖಾನೆಯಲ್ಲಿ ಅಚ್ಚು ಮಾಡುವವನು. ಬಾಟಲಿಯ ಮುಚ್ಚಳ, ಪೈಪಿನ ಮೊಣಕೈ, ಏನು ಹೇಳಿದರೂ ಅದರ ತಾಯಿ-ಅಚ್ಚು ಅವನ ಕೈಯಿಂದಲೇ ಆಗಬೇಕು. ಆದರೆ ಅವನ ಜೀವ ಇದ್ದದ್ದು ಹಳೆಯ ಗೊಂಬೆಗಳ ಕೀಲಿನಲ್ಲಿ. ಗೊಂಬೆಯ ಕೀಲೂ ಮನುಷ್ಯನ ಕೀಲಿನ ಹಾಗೆಯೇ ಸವೆಯುತ್ತದೆ. ನಿಲ್ಲಿಸಿ ಬಂದರೆ ಮುಂಜಾನೆಯೊಳಗೆ ಮೊಣಕಾಲು ಮಡಚಿ ಮುಗ್ಗರಿಸುತ್ತದೆ, ಬೀಳುವಾಗ ಪಕ್ಕದವನನ್ನೂ ಎಳೆದುಕೊಂಡೇ ಬೀಳುತ್ತದೆ. ಅಡ್ನಾಡಿಗಳು ಅಲ್ಲಿಗೆ ಅಂಟು ಸುರಿದು ಕೀಲನ್ನೇ ಕೊಂದುಬಿಡುತ್ತಾರೆ. ಯುನುಸ ಹಾಗೆ ಮಾಡುವವನಲ್ಲ. ಬಳೆಗಾರರ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಅಳಿಲುಬಾಲದ ಕುಂಚದಿಂದ ಕೀಲಿನ ಗುಂಡಿಗೆ ಒಂದು ಸವರು ಸವರಿ, ಒಣಗುವ ತನಕ ಮೆಲ್ಲಗೆ ತಿರುಗಿಸುತ್ತಿದ್ದ. ಕೀಲು ತಿರುಗಬೇಕು, ತಿರುಗಿಸಿದಲ್ಲೇ ನಿಲ್ಲಲೂ ಬೇಕು. ಆ ಹದ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅರಗಿನ ಶೀಶೆ ಅವನ ಅಂಗಿಯ ಕಿಸೆಯಲ್ಲಿ ಸದಾ ಇರುತ್ತಿತ್ತು, ಬೇರೆಯವರ ಕಿಸೆಯಲ್ಲಿ ಬೀಡಿ ಇರುವ ಹಾಗೆ.

ಮುಳುಗುಗಾರ ಶಿವರಾಜಪ್ಪನ ಕೈ ಸೇರಿದ್ದೂ ಒಂದು ಕತೆಯೇ. ಒಂದು ಮಳೆಗಾಲ ಹಳೇಪೇಟೆಯಲ್ಲಿ ಯುನುಸನ ಮನೆಯ ಗೋಡೆ ಕುಸಿಯಿತು. ಆಗ ಶಿವರಾಜಪ್ಪ ತಾನಾಗಿಯೇ ಬಂದು, "ನಿಮ್ಮಪ್ಪನ ನೆನಪದು, ಹಾಳ ಯಾಕ ಮಾಡ್ತಿ? ನನ್ನ ಗಾಜಿನ ಕಪಾಟದಾಗ ಇರ್ಲಿ. ಗ್ವಾಡಿ ಎದ್ದ ಮ್ಯಾಲ ಒಯ್ಯಿ" ಅಂದಿದ್ದ. ಗೋಡೆ ಎದ್ದಿತು. ಕೇಳಲು ಹೋದರೆ ನಕ್ಕು, "ಇಲ್ಲಿದ್ರs ಅದಕ್ಕ ಶೋಭಾ ಯುನುಸ, ನಿನ್ನ ಮನ್ಯಾಗ ಯಾರ್ ನೋಡ್ತಾರ?" ಅಂದ. ಮರುವರ್ಷ ಕೇಳಿದಾಗ ನಗಲೂ ಇಲ್ಲ. ಹಾಗಿದ್ದರೂ ಯುನುಸ ಭಾಲ್ಕಿಗೆ ಹೋಗುವುದನ್ನು ಬಿಡಲಿಲ್ಲ. ಅಲ್ಲಿಗೆ ಹೋದರೆ ಅಬ್ಬಾನ ಮುಳುಗುಗಾರನನ್ನು ಮುಟ್ಟಬಹುದಿತ್ತು. ಅದರ ನೆಪದಲ್ಲಿ ಶಿವರಾಜಪ್ಪನ ಅಷ್ಟೂ ಪಲಟಣಿನ ಕೈಕಾಲು ಸರಿಮಾಡಿ ನಿಲ್ಲಿಸಿದ. ಹೈದರಾಬಾದಿನಿಂದ ಬಂದ ತಜ್ಞ ಪ್ರದರ್ಶನಕ್ಕೆ ಬಲ್ಬು ಹಚ್ಚಿಕೊಟ್ಟು ಹೋದ. ಕೈ ಕೆಸರಾದದ್ದು ಯುನುಸನದು, ಬಾಯಿ ಮೊಸರಾದದ್ದು ಹೈದರಾಬಾದಿನವನದು!

ಪ್ರದರ್ಶನ ಮುಗಿದ ಮೇಲೆ ಗೊಂಬೆಗಳನ್ನು ಮತ್ತೆ ಭಾಲ್ಕಿಯ ಮಹಡಿಯ ಕಪಾಟುಗಳಲ್ಲಿ ಜೋಡಿಸಲು ಯುನುಸನಿಗೇ ಹೇಳಿಕಳಿಸಿದರು. ಅಲ್ಲಿ ಶಿವರಾಜಪ್ಪ ಹಲ್ಲುಕಡ್ಡಿ ಆಡಿಸುತ್ತ ಹೇಳಿದ:

"ಈ ಮುಳುಗುಗಾರ ಪುಣೆದ ಮ್ಯೂಸಿಯಮ್ಮಿಗಿ ಹೊಂಟಾನ. ನಾ ದಾನ ಕೊಡ್ತೇನಿ. ನನ್ನ ಹೆಸರ ಅಲ್ಲಿ ಕಾಯಂ."

"ಅದು ನಮ್ಮ ಅಬ್ಬಾಂದು ಅದರಿ."

"ಏನರೆ ಪುರಾವಾ ಅದ?"

ಯುನುಸ ಬಗ್ಗಿ ಮುಂದಿನ ಗೊಂಬೆಯನ್ನು ನಿಲ್ಲಿಸತೊಡಗಿದ. ಸೋತ ಅಂತ ಶಿವರಾಜಪ್ಪ ತಿಳಿದುಕೊಂಡ, ಅದು ಅವನ ಪೆದ್ದತನ. ಆ ಗಳಿಗೆಯಲ್ಲೇ ಯುನುಸ ನಿರ್ಧಾರ ಮಾಡಿ ಮುಗಿಸಿದ್ದ. ಇದಕ್ಕೆ ಕಳವು ಅನ್ನುವವರ ಬಾಯಿಗೆ ಮಣ್ಣು ಬೀಳಲಿ. ಅಬ್ಬಾ ನಬೀಸಾಬ ಜೆದ್ದಾದ ಬಿಸಿಲಲ್ಲಿ ಸಿಮೆಂಟು ಹೊತ್ತು ಮಗನಿಗೆ ತಂದ ಗೊಂಬೆ ಮಗನ ಮನೆಗೆ ಬರುತ್ತದೆ. ಪುಣೆಗೆ ಹೋದರೆ ಮತ್ತೆ ಈ ಜನ್ಮದಲ್ಲಿ ಕೈಗೆ ಸಿಗುವುದಿಲ್ಲ, ಕಂಡರೂ ಗಾಜಿನ ಆಚೆ, ಶಿವರಾಜಪ್ಪನ ಹೆಸರಿನ ಮೇಲೆ. ಶಿವರಾಜಪ್ಪ ಫೋನು ಬಂತೆಂದು ಮೆಟ್ಟಿಲಿಗೆ ಹೋದಾಗ, ಯುನುಸ ಗೊಂಬೆಯ ಪಾದದಡಿ ಮೆತ್ತುವ, ಮೇಣದ ಮುದ್ದೆಯಂಥ ಲಂಬವನ್ನು ಹಿಸುಕಿ, ಮೇಜಿನ ಮೇಲಿದ್ದ ಎರಡು ಕೀಲಿಕೈಗಳನ್ನು ಅದರಲ್ಲಿ ಒತ್ತಿ ತೆಗೆದ. ಒಂದು ಮಹಡಿಯ ಬಾಗಿಲಿನದು, ಇನ್ನೊಂದು ಕಪಾಟಿನದು. ಅಚ್ಚಿನವನ ಮುಂದೆ ಕೀಲಿಕೈ ಬಿಟ್ಟು ಹೋಗುತ್ತಾರೇನ್ರಿ ಯಾರಾದರೂ?

ಮುಳುಗುಗಾರನ ಅಚ್ಚು ಮೊದಲೇ ಅವನ ಹತ್ತಿರ ಇತ್ತು. ಗೋಡೆ ಕುಸಿದ ಮಳೆಗಾಲ ಗೊಂಬೆಯನ್ನು ಶಿವರಾಜಪ್ಪನ ಕೈಗೆ ಕೊಡುವ ಮುಂಚೆ, ಅಬ್ಬಾನ ನೆನಪಿಗೆ ಇರಲಿ ಎಂದು ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದಿಟ್ಟುಕೊಂಡಿದ್ದ. ಆಗ ಮನಸ್ಸಿನಲ್ಲಿ ಕಪಟ ಇರಲಿಲ್ಲ, ಈಗ ಅಚ್ಚು ಕಪಟಕ್ಕೆ ಒದಗಿತು, ಅಷ್ಟೆ. ರೆಸಿನ್ ಸುರಿದು ಮೈ ಎರೆದ. ಹೆಲ್ಮೆಟ್ಟನ್ನು ಲೇತಿನಲ್ಲಿ ತಿರುವಿದ, ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಿ ಹೊಳಪು ಕೊಂದ. ಬಟ್ಟೆಗೆ ಚಹಾದ ಡಿಕಾಕ್ಷನ್ನಿನಲ್ಲಿ ಹಳೆತನ ಬರಿಸಿದ. ಒಳಗೆ ಸೀಸ ತುಂಬಿ ತೂಕ ಸರಿಮಾಡಿದ.

ಎಲ್ಲಕ್ಕಿಂತ ಕಷ್ಟವಾದದ್ದು ಕೀಲು ಸಡಿಲು ಮಾಡುವುದು. ಜೀವಮಾನವೆಲ್ಲ ಬಿಗಿ ಮಾಡುವುದನ್ನೇ ಕಲಿತ ಕೈ ಅದು. ಅಸಲಿ ಮುಳುಗುಗಾರನ ಎಡ ಮೊಣಕಾಲು ಒಳಗಡೆ ವಾಲುತ್ತಿತ್ತು, ಸೊಂಟ ಎತ್ತಿದಾಗ ಟಕ್ ಅನ್ನುತ್ತಿತ್ತು, ಈಟಿ ಹಿಡಿದ ಮುಷ್ಟಿ ಅರ್ಧ ಸುತ್ತು ಹೆಚ್ಚೇ ತಿರುಗುತ್ತಿತ್ತು. ಅವನನ್ನು ನಿಲ್ಲಿಸಿದ್ದು ಪ್ಯಾಂಟಿನೊಳಗೆ ಅಡಗಿದ ತಂತಿಯ ಆಧಾರದಿಂದ. ಅಬ್ಬಾನ ಗೊಂಬೆಗೆ ಮಾತ್ರ ಅರಗು ಹಚ್ಚಲು ಯುನುಸನಿಗೆ ಮನಸ್ಸಾಗಿರಲಿಲ್ಲ, ತಾನು ಚಿಕ್ಕಂದಿನಲ್ಲಿ ಆಡಿ ಆಡಿ ಸವೆಸಿದ ಕೀಲು ಹಾಗೆಯೇ ಇರಲಿ ಅನ್ನಿಸಿತ್ತು. ನಕಲಿಯ ಮೊಣಕಾಲನ್ನು ಸಣ್ಣ ಮರಳು ಹಾಕಿ ತಿರುಗಿಸಿ ತಿರುಗಿಸಿ ಸವೆಸಿದ. ಟಕ್ ಅನ್ನುವ ಸದ್ದಿಗೆ ವಾರಗಟ್ಟಲೆ ಹೆಣಗಿದ. ಕೊನೆಗೆ ಒಂದು ದಿನ ಊಟಕ್ಕೆ ಕೂತವನು ಸೊಂಟ ಎತ್ತಿ ನೋಡಿದ. ಟಕ್ ಅಂದಿತು. ಅನ್ನ ಬಿಟ್ಟು ಎದ್ದು ನಿಂತು ನಕ್ಕ.

"ಏನಾಯ್ತ್ರಿ?" ಎಂದಳು ಕುಬರಾ.

"ಕೀಲ ಕೆಟ್ಟಿತು" ಎಂದ ಖುಷಿಯಿಂದ.

"ಕೆಟ್ರ ನಗ್ತಾರೇನು? ತಲಿ ಸರಿ ಅದನಿಲ್ಲ ನಿಮ್ಮದು?"

ದಿನವೂ ತಾನಾಗಿಯೇ ಕೂಡಿಬಂತು. ಶಿವರಾಜಪ್ಪನ ಹೆಂಡತಿ ಅಂಬೂಬಾಯಿ ಫೋನಿನಲ್ಲಿ ಯುನುಸನಿಗೆ ಹೇಳಿದ್ದಳು, ಬರುವ ಆದಿತ್ಯವಾರ ಡಾಬಕಾದಲ್ಲಿ ತನ್ನ ತಮ್ಮನ ಮಗಳ ಮದುವೆ, ಮನೆಮಂದಿಯೆಲ್ಲ ಹೋಗಿ ರಾತ್ರಿ ಅಲ್ಲೇ ಉಳಿಯುತ್ತೇವೆ, ಸೋಮವಾರ ಬರುತ್ತೇವೆ ಎಂದು. ಅಂಬೂಬಾಯಿ ಒಳ್ಳೆಯ ಹೆಂಗಸು. ಯುನುಸ ಹೋದಾಗಲೆಲ್ಲ ಗಂಡ ನೀರೂ ಕೇಳದಿದ್ದರೂ ಅವಳು ಚಹಾ ಕೊಡದೆ ಕಳಿಸುತ್ತಿರಲಿಲ್ಲ. ಅದೇ ಆದಿತ್ಯವಾರ ಸಂತಪುರದಲ್ಲಿ ಯುನುಸನ ಅಕ್ಕ ಆಬೇದಾಳ ಮೊಮ್ಮಗನ ಅಖೀಖಾ ಇತ್ತು. ಹಸುಗೂಸಿನ ತಲೆಗೂದಲು ತೆಗೆಸಿ ನೆಂಟರಿಗೆ ಊಟ ಹಾಕುವ ದಿನ. ಅರ್ಧ ಔರಾದ ತಾಲ್ಲೂಕೇ ಅಲ್ಲಿ ನೆರೆಯುತ್ತದೆ. ಅಷ್ಟು ಮಂದಿ, "ಯುನುಸ ನಮ್ಮ ಪಂಕ್ತಿಯಲ್ಲೇ ಉಂಡ" ಎಂದು ಕುರಾನಿನ ಮೇಲೆ ಕೈಯಿಟ್ಟು ಹೇಳುತ್ತಾರೆ.

ಹಾಗೆಯೇ ಆಯಿತು. ಯುನುಸ ಎಲ್ಲರಿಗೂ ಕಾಣುವ ಹಾಗೆ ಓಡಾಡಿದ. ಕೂಸಿನ ಕಿವಿಯಲ್ಲಿ ಏನೋ ಹೇಳಿ ಸುತ್ತಲಿದ್ದವರನ್ನು ನಗಿಸಿದ, ಬಿರಿಯಾನಿಯ ಡೇಗಿನ ಹತ್ತಿರ ನಿಂತು ಬಾಣಸಿಗನ ಜತೆ ಉಪ್ಪಿನ ಸಲುವಾಗಿ ಜಗಳವನ್ನೂ ಆಡಿದ. ಜಗಳ ಆಡಿದವನನ್ನು ಯಾರೂ ಮರೆಯುವುದಿಲ್ಲ, ಅದೂ ಲೆಕ್ಕದಲ್ಲೇ ಇತ್ತು. ಊಟವಾಗಿ ಎಲ್ಲರೂ ಶಾಮಿಯಾನದ ಕೆಳಗೆ ಅಡ್ಡಾದಾಗ ಭಾವ ಹುಸೇನನನ್ನು ಕೇಳಿದ, "ಭಾವಾ, ಬೈಕ ಕೊಡ್ರಿ. ಔರಾದಕ್ಕ ಹೋಗಿ ಬರ್ಫ ತರ್ತೇನಿ."

"ಬರ್ಫ ಅದಲ್ಲೋ."

"ಸಾಲೂದಿಲ್ಲ, ಸಂಜಿಕ ಇನ್ನೂ ಮಂದಿ ಬರ್ತಾರ."

ಔರಾದದಲ್ಲಿ ಮಂಜುಗಡ್ಡೆ ಕೊಂಡು ಅಲ್ಲಿಯೇ ಪರಿಚಯದ ಅಂಗಡಿಯಲ್ಲಿ ಗೋಣಿತಟ್ಟಿನಡಿ ಇರಿಸಿ, ಒಳರಸ್ತೆ ಹಿಡಿದು ಭಾಲ್ಕಿಗೆ ಹೊರಟ. ಮುಖಕ್ಕೆ ಹೆಲ್ಮೆಟ್ಟು, ಬೆನ್ನಿಗೆ ಕೋರಿಯರಿನವರು ಹಾಕಿಕೊಳ್ಳುವಂಥ ಚೌಕ ಚೀಲ, ಅದರೊಳಗೆ ನಕಲಿ. ಮಧ್ಯಾಹ್ನದ ಬಿಸಿಲಲ್ಲಿ ಪಾರ್ಸಲ್ಲು ತರುವವನನ್ನು ನಾಯಿ ಕೂಡ ತಲೆಯೆತ್ತಿ ನೋಡುವುದಿಲ್ಲ. ಹೊರಗಿನ ಮೆಟ್ಟಿಲು ಹತ್ತಿದ, ಅಚ್ಚಿನಿಂದ ತಾನೇ ಮಾಡಿಕೊಂಡ ಕೀಲಿಕೈ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಚಪ್ಪಲಿ ಹೊರಗೆ ಬಿಡಲಿಲ್ಲ, ಚೀಲದಲ್ಲಿ ಹಾಕಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ದಡ್ಡರ ಸಾಲಿಗೆ ಯುನುಸ ಸೇರಿದವನಲ್ಲ.

ಕಪಾಟು ತೆರೆದು ಅಬ್ಬಾನ ಮುಳುಗುಗಾರನನ್ನು ಎರಡೂ ಕೈಯಿಂದ ಎತ್ತಿಕೊಂಡ. ಎಡ ಮೊಣಕಾಲು ಒಳಗಡೆ ವಾಲಿತು. ಯುನುಸ ಅದನ್ನು ಬೆರಳಿನಿಂದ ನೆಟ್ಟಗೆ ಮಾಡಿದ. "ನಡೀಪಾ, ಮನಿಗಿ ಹೋಗೂಣು" ಎಂದು ಮೆಲ್ಲಗೆ ಹೇಳಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟ. ನಕಲಿಯನ್ನು ಅದೇ ತಂತಿಗೆ ಏರಿಸಿದ. ಪಾದಗಳನ್ನು ಹಳೆಯ ಗುರುತಿನ ಮೇಲೆಯೇ ಕೂಡಿಸಿದ, ಈಟಿಯ ಮೊನೆ ಮೊದಲು ಯಾವ ಕಡೆ ಇತ್ತೋ ಅದೇ ಕಡೆಗೆ ತಿರುಗಿಸಿದ. ಹೆಲ್ಮೆಟ್ಟಿನ ಮೇಲೆ ಮನೆಯಿಂದ ತಂದ ಧೂಳನ್ನು ಚಿಟಿಕೆ ಉದುರಿಸಿದ. ಕೆಳಸಾಲಿನಲ್ಲಿ ಬ್ಯಾಂಡಿನ ಸಿಪಾಯಿಯ ಬಲಗೈ ಸೋತು ಡೋಲಿನ ಮೇಲೆ ಬಿದ್ದಿತ್ತು. ಛೀ, ಹಿಂಗೇನು ಗೊಂಬಿ ಇಡೂದು ಎಂದುಕೊಂಡು ಶೀಶೆ ತೆಗೆದು ಒಂದು ಸವರು ಸವರಿದ, ತಿರುಗಿಸಿದ, ಕೋಲು ಮೇಲೆತ್ತಿ ನಿಲ್ಲಿಸಿದ. ಗಾಜಿನ ಮೇಲೆ ಬೆರಳ ಗುರುತು ಉಳಿದಿದೆಯೇ ಎಂದು ಬೆಳಕಿಗೆ ಓರೆಯಾಗಿ ನಿಂತು ನೋಡಿ ಒರೆಸಿದ. ಬೀಗ ಹಾಕಿದ, ಎಳೆದು ನೋಡಿದ. ಬರ್ಫ ಇನ್ನೂ ಅರ್ಧ ಕರಗಿರಲಿಲ್ಲ, ಅಷ್ಟರಲ್ಲಿ ಸಂತಪುರಕ್ಕೆ ವಾಪಸು ಬಂದು ಆಬೇದಾಳ ಬೈಗುಳ ತಿನ್ನುತ್ತ ಶರಬತ್ತು ಹಂಚುತ್ತಿದ್ದ.

ಮನೆಯಲ್ಲಿ ಮುಳುಗುಗಾರನನ್ನು ಅವನು ಬಚ್ಚಿಡಲೂ ಇಲ್ಲ. ಪೆಟ್ಟಿಗೆಯಲ್ಲಿ ಮುಚ್ಚಿಡಲು ತಂದದ್ದೇನು? ಅಲಮಾರಿನ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದ. "ನಾ ಮಾಡಿದ ನಕಲಿ ಇದು" ಎಂದು ಕುಬರಾಗೆ ಹೇಳಿದ. ಅವಳು ಹತ್ತಿರ ಹೋಗಿ ನೋಡಿ, "ಅಸಲಿ ಅಂದ್ರ ಅಸಲಿನs ಅದರಿ. ಇದರ ಮುಂದ ಅವರದು ಏನೂ ಅಲ್ಲ" ಎಂದಳು. ಯುನುಸನಿಗೆ ಆ ವಾರವೆಲ್ಲ ಕಾಲು ನೆಲಕ್ಕೆ ಹತ್ತಲಿಲ್ಲ.

ಗುರುವಾರ ಶಿವರಾಜಪ್ಪನ ಫೋನು ಬಂತು. ಪುಣೆಯಿಂದ ಮ್ಯೂಸಿಯಮ್ಮಿನವರು ಬಂದಿದ್ದಾರೆ, ಕಟ್ಟಿಕೊಡಲು ಬಾ ಎಂದು. ಹೋಗದಿದ್ದರೆ ಅನುಮಾನ. ಅದಕ್ಕಿಂತ ಹೆಚ್ಚಾಗಿ, ಆ ತಮಾಷೆ ನೋಡುವ ಆಸೆ. ಯುನುಸ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾಲ್ಕಿಯ ಬಸ್ಸು ಹತ್ತಿದ.

ಬಂದಿದ್ದವಳು ಮಂಜಿರಿ ಎಂಬ ಹೆಣ್ಣುಮಗಳು. ಅಜ್ಜಿ ಬಸವಕಲ್ಯಾಣದವಳಂತೆ, ಮರಾಠಿ ಬೆರೆಸಿದರೂ ಚಂದ ಕನ್ನಡ ಮಾತಾಡುತ್ತಿದ್ದಳು. ಕೈಗೆ ಬಿಳಿ ಗವಸು ಹಾಕಿಕೊಂಡು ಮುಳುಗುಗಾರನನ್ನು ಎತ್ತಿದಳು, ತಿರುಗಿಸಿದಳು, ಸೊಂಟ ಅಲುಗಿಸಿದಳು. ಟಕ್ ಅಂದಿತು. ಭೂತಗನ್ನಡಿ ಹಿಡಿದು ಹೆಲ್ಮೆಟ್ಟಿನ ಸುತ್ತ ನೋಡಿದಳು. ಯುನುಸ ಹುರಿಹಗ್ಗ ಕತ್ತರಿಸುತ್ತ ಓರೆಗಣ್ಣಿನಿಂದ ನೋಡಿದ.

"ಸುಂದರ ಅದ" ಎಂದಳು ಮಂಜಿರಿ. "ಇಂಥಾ ಅಸಲಿ ಪೀಸ್ ಈಗ ಸಿಗೂದಿಲ್ಲ. ಖೂಪ ಛಾನ!"

ಯುನುಸ ಹಗ್ಗವನ್ನು ಹಲ್ಲಿಗೆ ಕಚ್ಚಿಕೊಂಡು ನಗು ತಡೆದ. ಪುಣೆಯ ಪಂಡಿತೆಯೇ ಠಸ್ಸೆ ಒತ್ತಿದಳಲ್ಲ, ಇನ್ನೇನು ಬೇಕು! ಶಿವರಾಜಪ್ಪ ಅಸಲಿ ಎಂದು ನಕಲಿ ದಾನ ಕೊಡುತ್ತಾನೆ, ಅದರ ಕೆಳಗೆ ತನ್ನ ಹೆಸರು ಬರೆಸಿಕೊಳ್ಳುತ್ತಾನೆ, ನಬೀಸಾಬನ ಮುಳುಗುಗಾರ ನಬೀಸಾಬನ ಮನೆಯಲ್ಲಿರುತ್ತಾನೆ. ಇದಕ್ಕಿಂತ ಹೆಚ್ಚಿನ ನ್ಯಾಯವನ್ನು ಯಾವ ಕೋರ್ಟೂ ಕೊಡುತ್ತಿರಲಿಲ್ಲ.

ಮಂಜಿರಿ ಆಗಲೇ ಕೆಳಸಾಲಿಗೆ ಬಗ್ಗಿದ್ದಳು. ಬ್ಯಾಂಡಿನ ಸಿಪಾಯಿಯ ಕೈಯನ್ನು ಮೇಲೆ ಮಾಡಿದಳು, ಕೆಳಗೆ ಮಾಡಿದಳು, ಅರ್ಧಕ್ಕೆ ಬಿಟ್ಟಳು. ಬಿಟ್ಟಲ್ಲೇ ನಿಂತಿತು. ಅವಳ ಹುಬ್ಬು ಮೇಲೇರಿತು.

"ಅಂಟು ಹಾಕಿಲ್ಲ, ನೂಲ ಸುತ್ತಿಲ್ಲ. ಈ ಕೀಲ ಯಾರು ಮಾಡಿದ್ದು? ಇಂಥಾ ಕೆಲಸ ನಾ ಎಲ್ಲೂ ನೋಡಿಲ್ಲ. ಅವರ ಹೆಸರ ಹೇಳ್ರಿ, ಮ್ಯೂಸಿಯಮ್ಮಿನ ಬೋರ್ಡಿನ ಮ್ಯಾಲ ಹಾಕ್ತೇವಿ."

"ಹೈದರಾಬಾದಿನವರ್ರಿ" ಎಂದ ಶಿವರಾಜಪ್ಪ ಎದೆಯುಬ್ಬಿಸಿ. "ಹೋದ ಶನಿವಾರ ಬಂದಿದ್ರು. ಏನೋ ಎಣ್ಣಿ ಬಿಟ್ಟು, ಆಗೂದಿಲ್ಲ, ಕೀಲ ಸತ್ತದ ಅಂತ ಹೇಳಿ ಹೋದ್ರು. ಡಾಬಕಾದಿಂದ ಬಂದು ನೋಡ್ತೇವಿ, ಕೈ ಎದ್ದು ನಿಂತದ! ನಿಧಾನ ಹತ್ತೂ ಔಷಧ ಇರಬೇಕ್ರಿ. ಹೈದರಾಬಾದ ಅಂದ್ರ ಹೈದರಾಬಾದ. ನಮ್ಮ ಕಡಿ ಮಂದಿಗಿ ಇಂಥಾದ್ದೆಲ್ಲಿ ಬರಬೇಕು?"

ಮಂಜಿರಿ ಫೋನು ತೆಗೆದು, "ಹೈದರಾಬಾದಿನ ಅವರ ಹೆಸರೇನ್ರಿ?" ಎಂದಳು.

ಯುನುಸನ ಕಣ್ಣ ಮುಂದೆ ಆ ಅಂಗೈಯಗಲದ ರಟ್ಟು ಬಂತು, ಈದಿನ ಬಟ್ಟೆಯಲ್ಲಿ ನಿಂತ ಕುಬರಾ ಬಂದಳು. 

"ಯಾವ ಹೈದರಾಬಾದ್ರಿ!" ಹಗ್ಗ ಬಿಸಾಕಿ ಎದ್ದು ನಿಂತ. "ಎಣ್ಣಿ ಬಿಟ್ರ ಸಡಲ ಆಗ್ತದೋ ಬಿಗಿ ಆಗ್ತದೋ, ಅಷ್ಟೂ ಅಕ್ಕಲ ಇಲ್ಲ ಅವಂಗ. ಇದು ಅರಗು, ನನ್ನ ಅರಗು. ನೋಡ್ರಿ ಬಾಯಿ, ಇಲ್ಲಿ ನೋಡ್ರಿ!" ಕಿಸೆಯಿಂದ ಶೀಶೆ ತೆಗೆದ, ಸಿಪಾಯಿಯ ತೋಳನ್ನು ಗುಂಡಿಯಿಂದ ಕಳಚಿ, ಒಳಗಿನ ಕೆಂಪು ಪೊರೆಯನ್ನು ಅವಳ ಭೂತಗನ್ನಡಿಯ ಕೆಳಗೆ ಹಿಡಿದ. "ಈ ಕಪಾಟದಾಗಿನ ಒಂದೊಂದು ಗೊಂಬಿ ನಾ ನಿಲ್ಲಿಸಿದ್ದು. ಬರಕೋರಿ, ಯುನುಸ. ನಬೀಸಾಬನ ಮಗ ಯುನುಸ. ಬೀದರ."

ಮಂಜಿರಿ ಕೆಂಪು ಪೊರೆಯನ್ನು ನೋಡಿದಳು, ಶೀಶೆಯನ್ನು ನೋಡಿದಳು, ಗವಸು ಕಳಚಿ ಯುನುಸನ ಕೈ ಕುಲುಕಿದಳು. "ಯುನುಸ, ಬೀದರ" ಎಂದು ಫೋನಿನಲ್ಲಿ ಒತ್ತಿದಳು. ಶಿವರಾಜಪ್ಪನ ಮುಖ ಇಷ್ಟು ಸಣ್ಣದಾಯಿತು. ಅಬ್ಬಾ ಇರಬೇಕಿತ್ತು ಈಗ, ಕುಬರಾ ಇರಬೇಕಿತ್ತು! ಯುನುಸನಿಗೆ ಜನ್ಮ ಸಾರ್ಥಕ ಆದಂತಾಯಿತು.

ಅಂಬೂಬಾಯಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎಲ್ಲರಿಗಿಂತ ಮೊದಲು ಯುನುಸನ ಮುಂದೆ ಬಂದು ಕಪ್ಪು ನೀಡಿದಳು. "ಛಲೋ ಆತ್ರಿ ಯುನುಸಭಾಯಿ, ನಿಮ್ಮ ಹೆಸರ ಬಂತು, ನನಗ ಭಾಳ ಖುಷಿ ಆತು" ಎಂದಳು, ಮನಸಾರೆ. ಆಮೇಲೆ ಏನೋ ನೆನಪಾಗಿ ಹುಬ್ಬು ಗಂಟಿಕ್ಕಿದಳು. "ಆದ್ರ ಯಾವಾಗ ಬಂದು ಮಾಡಿದ್ರಿ? ಆದಿತ್ಯವಾರ ಮುಂಜಾನಿ ಡಾಬಕಾಕ್ಕ ಹೋಗೂಮುಂದ ನಾನs ಇಲ್ಲಿ ಧೂಳ ಒರಸಿ ಬಾಗಲಾ ಹಾಕೀನಿ, ಆಗ ಅದರ ಕೈ ಡೋಲಿನ ಮ್ಯಾಲs ಬಿದ್ದಿತ್ತು. ಸೋಮವಾರ ನಾನs ಬಾಗಲಾ ತಗದೀನಿ, ಆಗ ಎದ್ದು ನಿಂತಿತ್ತು. ಕೀಲಿಕೈ ನನ್ನ ಸೊಂಟದಾಗs ಇತ್ತಲ್ಲರಿ."